ಕಾರಂಜಿಯೋ, ಶಿಲ್ಪವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡದ ಮುಂದೆಯೋ ಉದ್ಯಾನದ ನಡುವೆಯೋ ನೀರು ಹರಿಯುವ ಅಲಂಕಾರದ ರಚನೆ ಎದ್ದು ನಿಂತ ಕೂಡಲೇ ಅದನ್ನು ಏನೆಂದು ಕರೆಯಬೇಕು ಎಂಬ ಮಾತು ಬರುತ್ತದೆ. ಕಟ್ಟಿಸಿದವರು ಕಾರಂಜಿ ಎನ್ನುತ್ತಾರೆ, ಮಾಡಿದವರು ಶಿಲ್ಪ ಎನ್ನುತ್ತಾರೆ, ನೋಡಿಕೊಳ್ಳುವವರಿಗೆ ಅದು ಪಂಪ್ ಮತ್ತು ಪಾಚಿ. ಯಾವ ಹೆಸರು ನಿಲ್ಲುತ್ತದೆ ಎನ್ನುವುದರ ಮೇಲೆ ನೀರನ್ನು ನಿಲ್ಲಿಸಬಹುದೇ, ಕೆಟ್ಟಾಗ ಯಾರನ್ನು ಕರೆಯಬೇಕು, ಬದಲಾಯಿಸಲು ಯಾರ ಒಪ್ಪಿಗೆ ಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿಬಿಡಿ, ವ್ಯತ್ಯಾಸ ಏನು?

ನೀವು ನಿಂತು ನೋಡುವುದು ನೀರಿನ ಚಲನೆಯನ್ನಾದರೆ ಅದು ಕಾರಂಜಿ. ಕಲ್ಲು, ಕಂಚು, ಗಾಜು ಅಥವಾ ಉಕ್ಕಿನ ಆಕಾರವನ್ನು ನೋಡುತ್ತಿದ್ದು, ನೀರು ಅದರ ಜೊತೆಗಿದ್ದರೆ ಶಿಲ್ಪ. ಎರಡನ್ನೂ ಬೇರೆ ಮಾಡಲಾಗದಂತೆ ಕೂಡಿಸಿದ ಕೃತಿಗಳೂ ಇವೆ. ಅವನ್ನು ಜಲಶಿಲ್ಪ ಎಂದರೆ ಯಾರಿಗೂ ಅರ್ಥವಾಗುತ್ತದೆ. ಈ ಪುಟದ ಹೆಚ್ಚಿನ ಪ್ರಶ್ನೆಗಳು ಆ ಮೂರನೆಯ ಗುಂಪಿನ ಬಗ್ಗೆಯೇ.

ನೀರು ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಾರೆ. ಆ ಪರೀಕ್ಷೆ ಸರಿಯೇ?

ಶುರು ಮಾಡಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೊನೆಯ ಮಾತು ಮಾತ್ರ ಅದಲ್ಲ.

ಜಿನೀವಾದ ಸರೋವರದಲ್ಲಿರುವ ಜೆ ದೋ ಕಾರಂಜಿಯನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 500 ಲೀಟರ್ ನೀರು ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಹೊರಬಿದ್ದು 140 ಮೀಟರ್ ಎತ್ತರಕ್ಕೆ ಹೋಗುತ್ತದೆ. ಯಾವುದೇ ಗಳಿಗೆಯಲ್ಲಿ ಗಾಳಿಯಲ್ಲಿರುವ ನೀರಿನ ತೂಕ ಸುಮಾರು 7 ಟನ್. ಹುಟ್ಟಿದಾಗ ಅದಕ್ಕೂ ಕಲೆಗೂ ಸಂಬಂಧವಿರಲಿಲ್ಲ. 1886ರಲ್ಲಿ ನೀರಿನ ಒತ್ತಡದಿಂದ ಯಂತ್ರಗಳನ್ನು ನಡೆಸುತ್ತಿದ್ದ ಸ್ಥಾವರದಲ್ಲಿ ಹೆಚ್ಚಾದ ಒತ್ತಡವನ್ನು ಹೊರಬಿಡಲು ಇಟ್ಟ ದಾರಿ ಅದು. ಜನ ಅದನ್ನು ನೋಡಿ ಮೆಚ್ಚಿದ ಮೇಲೆ, 1891ರಲ್ಲಿ ಎಲ್ಲರಿಗೂ ಕಾಣುವ ಜಾಗಕ್ಕೆ ತಂದರು. ಅಲ್ಲಿ ನೀರು ನಿಲ್ಲಿಸಿದರೆ ಉಳಿಯುವುದು ಒಂದು ನಳಿಕೆ. ಇದು ಅಪ್ಪಟ ಕಾರಂಜಿ, ಚರ್ಚೆಯೇ ಬೇಡ.

ಇನ್ನೊಂದು ತುದಿಯಲ್ಲಿ ರೋಮ್‌ನ ತ್ರೆವಿ ಕಾರಂಜಿ ಇದೆ. ನಿಕೋಲಾ ಸಾಲ್ವಿಯ ವಿನ್ಯಾಸದಂತೆ 1732ರಲ್ಲಿ ಕೆಲಸ ಶುರುವಾಗಿ 1762ರಲ್ಲಿ ಮುಗಿಯಿತು. ಸುಮಾರು 26 ಮೀಟರ್ ಎತ್ತರ, 49 ಮೀಟರ್ ಅಗಲ. ಸ್ವಚ್ಛ ಮಾಡಲು ನೀರು ಖಾಲಿ ಮಾಡಿದಾಗಲೂ ಸಮುದ್ರದೇವತೆ, ಕುದುರೆಗಳು, ಬಂಡೆಗಳು ಎಲ್ಲವೂ ಅಲ್ಲೇ ಇರುತ್ತವೆ. ಹಾಗೆಂದು ತ್ರೆವಿಯನ್ನು ಬರೀ ಶಿಲ್ಪ ಎನ್ನಲು ನಾನು ಒಪ್ಪುವುದಿಲ್ಲ. ಆ ಬಂಡೆಗಳನ್ನು ಕಡಿದಿರುವ ರೀತಿಯನ್ನೇ ನೋಡಿ: ಎಲ್ಲಿ ನೀರು ಒಡೆಯಬೇಕು, ಎಲ್ಲಿ ಜಾರಬೇಕು, ಎಲ್ಲಿ ಸದ್ದು ಮಾಡಬೇಕು ಎಂದು ಲೆಕ್ಕ ಹಾಕಿಯೇ ಉಳಿ ಇಟ್ಟಿದ್ದಾರೆ. ನೀರಿಲ್ಲದಾಗ ಉಳಿಯುವುದು ಎಷ್ಟೇ ಭವ್ಯವಾಗಿರಲಿ, ಅರ್ಧ ಕೃತಿ.

ಆದ್ದರಿಂದ ‘ನೀರು ನಿಂತ ಮೇಲೆ ಏನು ಉಳಿಯಿತು’ ಎಂದು ಕೇಳುವುದರ ಜೊತೆಗೆ ‘ಏನು ಹೋಯಿತು’ ಎಂದೂ ಕೇಳಬೇಕು. ಹೋಗಿದ್ದು ತಂಪು ಮತ್ತು ಹೊಳಪು ಮಾತ್ರವಾದರೆ ಶಿಲ್ಪ. ಆಕಾರವೇ ಹೋಗಿದ್ದರೆ, ಅಥವಾ ಆಕಾರಕ್ಕಿದ್ದ ಕಾರಣವೇ ಹೋಗಿದ್ದರೆ, ಕಾರಂಜಿ.

ಆಕಾರವೇ ಹೋಗುವುದು ಎಂದರೆ ಹೇಗೆ? ಒಂದು ಉದಾಹರಣೆ ಕೊಡಿ.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ನೌಮ್ ಗಾಬೋ ಅವರ ‘ರಿವಾಲ್ವಿಂಗ್ ಟಾರ್ಷನ್’ ಇದೆ. 1970ರ ದಶಕದ್ದು. ಸ್ಟೇನ್‌ಲೆಸ್ ಸ್ಟೀಲ್‌ನ ಬಾಗಿದ ರೆಕ್ಕೆಗಳು, ಅವುಗಳ ಅಂಚಿನುದ್ದಕ್ಕೂ ಸಣ್ಣ ಸಣ್ಣ ರಂಧ್ರಗಳು. ಪ್ರತಿ ರಂಧ್ರದಿಂದ ಒಂದೊಂದು ತೆಳು ಧಾರೆ ಹೊರಟು, ಎಲ್ಲ ಧಾರೆಗಳೂ ಪಕ್ಕಪಕ್ಕದಲ್ಲಿ ಸೇರಿ ಗಾಳಿಯಲ್ಲಿ ಇನ್ನೊಂದು ಬಾಗಿದ ಮೈಯನ್ನು ನೇಯುತ್ತವೆ. ಇಡೀ ರಚನೆ ಸುಮಾರು 10 ನಿಮಿಷಕ್ಕೊಂದು ಸುತ್ತಿನಂತೆ ನಿಧಾನವಾಗಿ ತಿರುಗುತ್ತದೆ. ಉಕ್ಕು ನಿಂತಲ್ಲಿಂದ ನೀರು ಅದೇ ಗೆರೆಯನ್ನು ಮುಂದುವರಿಸುತ್ತದೆ. ನೀರು ಬಂದ್ ಮಾಡಿದರೆ ಉಕ್ಕಿನ ಭಾಗ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಕಲಾವಿದ ಎಳೆದ ಮೇಲ್ಮೈಗಳಲ್ಲಿ ಅರ್ಧ ಮಾಯ.

ಇದು ಶಿಲ್ಪವೂ ಹೌದು, ಕಾರಂಜಿಯೂ ಹೌದು. ನೀರು ಇಲ್ಲಿ ಕಚ್ಚಾವಸ್ತು, ಉಕ್ಕಿನಷ್ಟೇ.

ಕಾರಂಜಿ ಎನ್ನಲು ನೀರು ಮೇಲಕ್ಕೆ ಚಿಮ್ಮಲೇಬೇಕೇ?

ಬೇಡ. ಚಿಮ್ಮುವುದು ನೀರು ಚಲಿಸುವ ಒಂದು ಬಗೆ, ಅಷ್ಟೇ. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ 2004ರಲ್ಲಿ ತೆರೆದ ಡಯಾನಾ ಸ್ಮಾರಕ ಕಾರಂಜಿಯಲ್ಲಿ ಒಂದು ಧಾರೆಯೂ ಆಕಾಶಕ್ಕೆ ಏಳುವುದಿಲ್ಲ. ಕ್ಯಾಥರಿನ್ ಗುಸ್ತಾಫ್ಸನ್ ವಿನ್ಯಾಸ ಮಾಡಿದ ಗ್ರಾನೈಟ್ ಉಂಗುರದಲ್ಲಿ ನೀರು ಎತ್ತರದ ತುದಿಯಿಂದ ಎರಡೂ ಕಡೆಗೆ ಹೊರಟು, ಒಂದು ಕಡೆ ನೊರೆಯೆಬ್ಬಿಸುತ್ತಾ, ಇನ್ನೊಂದು ಕಡೆ ಸಣ್ಣಗೆ ಅಲೆಯಾಗಿ ಇಳಿದು ಕೆಳಗಿನ ಕೊಳದಲ್ಲಿ ಸೇರುತ್ತದೆ. ಕಲ್ಲಿನ ಮೈಯಲ್ಲಿರುವ ಗೀರು, ಏರಿಳಿತಗಳೆಲ್ಲ ನೀರಿಗೆಂದೇ ಕೊರೆದವು. ಕಾರಂಜಿ ಎಂದು ಹೆಸರಿಟ್ಟಿದ್ದು ಸರಿಯಾಗಿಯೇ ಇದೆ.

ಇಸಾಮು ನೊಗುಚಿ ಅವರ ‘ವಾಟರ್ ಸ್ಟೋನ್’ ಇನ್ನೂ ಮೌನಿ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಈ ಬಸಾಲ್ಟ್ ಕಲ್ಲಿನ ತಲೆಯಿಂದ ನೀರು ಉಕ್ಕಿ ನಾಲ್ಕೂ ಮೈಯ ಮೇಲೆ ತೆಳುವಾಗಿ ಜಾರುತ್ತದೆ. ದೂರದಿಂದ ನೋಡಿದರೆ ಕಲ್ಲಿಗೆ ಯಾರೋ ಪಾಲಿಶ್ ಮಾಡಿದ್ದಾರೆ ಅನಿಸುತ್ತದೆ. ಹತ್ತಿರ ಹೋದರೆ ಆ ಹೊಳಪು ಚಲಿಸುತ್ತಿರುವುದು ಕಾಣುತ್ತದೆ. ಎಲ್ಲ ಕಡೆಯೂ ಪದರ ಒಂದೇ ಸಮ ಇಳಿಯಬೇಕಾದರೆ ಕಲ್ಲಿನ ಅಂಚು ಕೂದಲೆಳೆಯಷ್ಟೂ ಓರೆಯಾಗಬಾರದು. ಇದನ್ನು ನಾನು ಶಿಲ್ಪ ಎಂದೇ ಕರೆಯುತ್ತೇನೆ, ಏಕೆಂದರೆ ಕಣ್ಣು ಕೊನೆಗೂ ಕಲ್ಲಿನ ಮೇಲೆಯೇ ನಿಲ್ಲುತ್ತದೆ. ಬೇರೆಯವರು ಕಾರಂಜಿ ಎಂದರೆ ಜಗಳಕ್ಕೆ ಹೋಗುವುದಿಲ್ಲ.

ಅನೀಶ್ ಕಪೂರ್ 2014ರಲ್ಲಿ ಕೊಚ್ಚಿಯ ಬಿನಾಲೆ ಕಲಾ ಪ್ರದರ್ಶನದಲ್ಲಿ ತೋರಿಸಿದ ‘ಡಿಸೆನ್ಷನ್’ನಲ್ಲಂತೂ ನೀರು ನೆಲದೊಳಕ್ಕೆ ಸುಳಿಯಾಗಿ ಇಳಿಯುತ್ತಲೇ ಇರುತ್ತದೆ. ಮೇಲಕ್ಕೆ ಹೋಗುವುದು ಏನೂ ಇಲ್ಲ. ನೀರಿಲ್ಲದಿದ್ದರೆ ಅಲ್ಲಿ ಉಳಿಯುವುದು ಗುಂಡಿ.

ಪ್ರತಿಮೆಯ ಬಾಯಿಂದ ನೀರು ಬಿಟ್ಟರೆ ಅದು ಕಾರಂಜಿ ಆಗಿಬಿಡುತ್ತದೆಯೇ?

ಎಲ್ಲ ಸಲವೂ ಇಲ್ಲ. ಸಿಂಗಪುರದ ಮರ್ಲಯನ್ 1972ರಲ್ಲಿ ನಿಂತದ್ದು. 8.6 ಮೀಟರ್ ಎತ್ತರದ, ಸಿಂಹದ ತಲೆ ಮತ್ತು ಮೀನಿನ ಮೈಯ ಈ ರಚನೆ ಬಾಯಿಂದ ನೀರು ಉಗುಳುತ್ತದೆ. ರಿಪೇರಿಗೆಂದು ನೀರು ನಿಲ್ಲಿಸಿದ ದಿನವೂ ಅದನ್ನು ಯಾರಾದರೂ ಗುರುತಿಸುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ನೀರು ಅದರ ಕಳೆ ಹೆಚ್ಚಿಸುತ್ತದೆ, ಅದರ ಗುರುತನ್ನು ಮಾಡುವುದಿಲ್ಲ. ಅದು ನೀರು ಉಗುಳುವ ಪ್ರತಿಮೆ.

ಬ್ರಸೆಲ್ಸ್‌ನ ಮಾನೆಕೆನ್ ಪಿಸ್, ಅಂದರೆ ಮೂತ್ರ ಮಾಡುತ್ತಿರುವ ಪುಟ್ಟ ಹುಡುಗ, ಇದಕ್ಕೆ ಉಲ್ಟಾ. 1619ರಲ್ಲಿ ಕಂಚಿನಲ್ಲಿ ಮಾಡಲು ಹೇಳಿದ ಈ ಹುಡುಗನ ನಿಲುವು, ಬೆನ್ನು ಹಿಂದಕ್ಕೆ ಬಾಗಿಸಿರುವ ರೀತಿ, ಮುಖದ ನೆಮ್ಮದಿ ಎಲ್ಲಕ್ಕೂ ಅರ್ಥ ಬರುವುದು ಆ ಸಣ್ಣ ಧಾರೆಯಿಂದ. ಧಾರೆ ಇಲ್ಲದಿದ್ದರೆ ಅದು ಬೇರೆಯೇ ಪ್ರತಿಮೆ. ಹೀಗಾಗಿ ಅಳತೆಯಲ್ಲಿ ಎಷ್ಟೇ ಚಿಕ್ಕದಾದರೂ ಪೂರ್ತಿ ಕಾರಂಜಿ.

ಬರ್ನಿನಿಯ ‘ನಾಲ್ಕು ನದಿಗಳ ಕಾರಂಜಿ’ಯ ವಿಷಯ ಸ್ವಲ್ಪ ನಾಜೂಕು. 1651ರಲ್ಲಿ ರೋಮ್‌ನ ಪಿಯಾಜ್ಜಾ ನವೋನಾದಲ್ಲಿ ತೆರೆದದ್ದು. ಡ್ಯಾನ್ಯೂಬ್, ನೈಲ್, ಲಾ ಪ್ಲಾಟಾ ಮತ್ತು ಗಂಗಾ ನದಿಗಳು ಅಲ್ಲಿ ಗಂಡಸರ ರೂಪದಲ್ಲಿ ಕುಳಿತಿವೆ. ಗಂಗೆಯ ಕೈಯಲ್ಲಿ ದೋಣಿಯ ಹುಟ್ಟು, ಮೂಲ ಇನ್ನೂ ತಿಳಿಯದಿದ್ದ ಕಾಲವಾದ್ದರಿಂದ ನೈಲ್‌ನ ತಲೆಯ ಮೇಲೆ ಮುಸುಕು. ಈ ವಿವರಗಳನ್ನೆಲ್ಲ ನೋಡಲು ನೀರು ಬೇಡ, ಮೂರ್ತಿಗಳು ಸಾಕು. ಆದರೆ ನದಿಗಳ ಬಗ್ಗೆ ಮಾಡಿದ ಕೃತಿ ಒಣಗಿ ನಿಂತರೆ ಅದು ಹೇಳುವ ಮಾತೇ ಕೆಟ್ಟುಹೋಗುತ್ತದೆ. ಆಕಾರಕ್ಕೆ ನೀರು ಬೇಡದಿದ್ದರೂ ಅರ್ಥಕ್ಕೆ ಬೇಕಾಗಿರುವುದುಂಟು. ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಘನವಸ್ತು ಏನೂ ಇಲ್ಲದೆ ಬರೀ ನೀರಿನಿಂದ ಶಿಲ್ಪ ಮಾಡಲು ಸಾಧ್ಯವೇ?

ಸಾಧ್ಯ, ಮಾಡಿದ್ದಾರೆ. ಜಪಾನಿನ ಫುಜಿಕೊ ನಕಾಯಾ 1970ರ ಒಸಾಕಾ ಎಕ್ಸ್‌ಪೋದಲ್ಲಿ ಒಂದು ಪೆವಿಲಿಯನ್ ಅನ್ನು ಮಂಜಿನಿಂದ ಮುಚ್ಚಿದರು. ತುಂಬಾ ಒತ್ತಡದಲ್ಲಿ ನೀರನ್ನು ಅತಿ ಸಣ್ಣ ನಳಿಕೆಗಳಿಂದ ಹೊರಬಿಟ್ಟು ನಿಜವಾದ ಮಂಜನ್ನೇ ಹುಟ್ಟಿಸುವ ವಿಧಾನ ಅದು. ಆಮೇಲೂ ಜಗತ್ತಿನ ಅನೇಕ ಕಡೆ ಇಂಥವನ್ನು ಮಾಡಿದರು, ಅವಕ್ಕೆ ಮಂಜಿನ ಶಿಲ್ಪ ಎಂದೇ ಹೆಸರು. ಗಾಳಿ, ತಾಪಮಾನ, ತೇವಾಂಶ ಮೂರೂ ಸೇರಿ ಗಳಿಗೆಗೊಂದು ಆಕಾರ ಕಡೆಯುತ್ತವೆ.

ಜೆ ದೋವನ್ನು ಶಿಲ್ಪ ಎನ್ನದೆ ಇದನ್ನು ಮಾತ್ರ ಯಾಕೆ ಹಾಗೆನ್ನಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ನಕಾಯಾ ಅವರ ಮಂಜು ಜಾಗವನ್ನು ತುಂಬಿಕೊಳ್ಳುತ್ತದೆ, ಅದಕ್ಕೆ ಒಳಗೆ ಹೊರಗೆ ಎಂಬುದಿದೆ, ನೀವು ಅದರೊಳಗೆ ನಡೆದು ಹೋಗುತ್ತೀರಿ. ಶಿಲ್ಪದಿಂದ ನಾವು ಬಯಸುವುದು ಅದನ್ನೇ.

ಪಂಪ್ ಇರಲೇಬೇಕೇ?

ಇಲ್ಲ. ರಷ್ಯಾದ ಪೀಟರ್‌ಹಾಫ್ ಅರಮನೆಯ ಸ್ಯಾಮ್ಸನ್ ಕಾರಂಜಿಯ ಧಾರೆ ಸುಮಾರು 20 ಮೀಟರ್ ಏರುವುದು ಎತ್ತರದ ಕೊಳಗಳಿಂದ ಇಳಿದು ಬರುವ ನೀರಿನ ಒತ್ತಡದಿಂದಲೇ. ತಾಜ್‌ಮಹಲ್‌ನ ಕಾಲುವೆಯಲ್ಲಿ ಪ್ರತಿ ನಳಿಕೆಯ ಅಡಿಗೂ ತಾಮ್ರದ ಪಾತ್ರೆ ಇಟ್ಟಿದ್ದರು. ಪಾತ್ರೆಗಳೆಲ್ಲ ತುಂಬಿದ ಮೇಲಷ್ಟೇ ನೀರು ಮೇಲೇಳುತ್ತಿದ್ದುದರಿಂದ ಎಲ್ಲ ಧಾರೆಗಳೂ ಸಮ ಎತ್ತರಕ್ಕೆ ಚಿಮ್ಮುತ್ತಿದ್ದವು. ಪಂಪ್ ಇದೆಯೋ ಇಲ್ಲವೋ ಎಂಬುದರಿಂದ ಕಾರಂಜಿಯೋ ಶಿಲ್ಪವೋ ತೀರ್ಮಾನವಾಗದು.

ಕಲಾವಿದರೇ ‘ಕಾರಂಜಿ’ ಎಂದು ಹೆಸರಿಟ್ಟರೆ ಅಲ್ಲಿಗೆ ಮುಗಿಯಿತಲ್ಲವೇ?

ಮುಗಿಯುವುದಿಲ್ಲ. ಮಾರ್ಸೆಲ್ ಡುಶಾಂಪ್ 1917ರಲ್ಲಿ ಮೂತ್ರದ ಪಿಂಗಾಣಿ ಬೇಸಿನ್ ಒಂದನ್ನು ಮಲಗಿಸಿಟ್ಟು ‘ಫೌಂಟನ್’, ಅಂದರೆ ಕಾರಂಜಿ, ಎಂದು ಹೆಸರಿಟ್ಟರು. ಅದರಲ್ಲಿ ಒಂದು ಹನಿ ನೀರೂ ಹರಿಯಲಿಲ್ಲ. ಕಲಾ ಇತಿಹಾಸದಲ್ಲಿ ಅದು ಶಿಲ್ಪಗಳ ಸಾಲಿನಲ್ಲಿದೆ. ಬ್ರೂಸ್ ನೌಮನ್ 1960ರ ದಶಕದಲ್ಲಿ ತನ್ನ ಬಾಯಿಂದಲೇ ನೀರಿನ ಧಾರೆ ಬಿಟ್ಟು ತೆಗೆಸಿದ ಫೋಟೊಗೆ ‘ಕಾರಂಜಿಯಾಗಿ ಸ್ವಚಿತ್ರ’ ಎಂಬ ಅರ್ಥದ ಹೆಸರು ಕೊಟ್ಟರು. ಅಲ್ಲಿ ನೀರು ಚಿಮ್ಮುವುದು ನಿಜ, ಆದರೆ ಕೃತಿ ಫೋಟೊ.

ಹೆಸರು ಕಲಾವಿದರ ಉದ್ದೇಶಕ್ಕೆ ಸಾಕ್ಷಿ. ಆ ಸಾಕ್ಷಿಗೆ ಬೆಲೆ ಕೊಡಬೇಕು. ಆದರೂ ಕೃತಿಯ ಮುಂದೆ ನಿಂತು ನಿಮ್ಮ ಕಣ್ಣು ಏನು ಹೇಳುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಕುಡಿಯುವ ನೀರು ಕೊಡುವ ಅಲಂಕಾರದ ಕಂಬ ಶಿಲ್ಪವಾಗಬಹುದೇ?

ಖಂಡಿತ. ಪ್ಯಾರಿಸ್ಸಿನ ವ್ಯಾಲೇಸ್ ಕಾರಂಜಿಗಳು 1872ರಿಂದ ಬೀದಿಯಲ್ಲಿ ಪುಕ್ಕಟೆ ಕುಡಿಯುವ ನೀರು ಕೊಡುತ್ತಿವೆ. ಶಿಲ್ಪಿ ಶಾರ್ಲ್-ಒಗುಸ್ತ್ ಲೆಬೂರ್ಗ್ ಮಾಡಿದ ನಾಲ್ವರು ಹೆಂಗಸರು ಅವುಗಳ ಗುಮ್ಮಟ ಹೊತ್ತಿದ್ದಾರೆ. ಹತ್ತಿರ ಹೋಗಿ ನೋಡಿದರೆ ನಾಲ್ವರೂ ಒಂದೇ ಅಲ್ಲ, ಮಂಡಿ ಮಡಿಸಿರುವ ರೀತಿ, ಉಡುಪಿನ ಮಡಿಕೆ ಎಲ್ಲ ಬೇರೆ ಬೇರೆ. ಉಪಯೋಗಕ್ಕೆ ಬಂದರೆ ಕಲೆಯ ಮಟ್ಟ ಇಳಿಯುತ್ತದೆ ಎಂಬ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ.

ಕಾನೂನಿಗೆ ಈ ವ್ಯತ್ಯಾಸದಿಂದ ಏನಾಗಬೇಕು?

ಸುಂಕ, ಹಕ್ಕು, ಹೊಣೆ ಮೂರೂ ಬದಲಾಗುತ್ತವೆ.

ಶಿಲ್ಪ ಯಾವುದು ಎಂದು ನ್ಯಾಯಾಲಯವೇ ಹೇಳಬೇಕಾಗಿ ಬಂದ ಹೆಸರಾಂತ ಪ್ರಕರಣ ಶಿಲ್ಪಿ ಬ್ರಾಂಕೂಸಿಯದು. ಹಕ್ಕಿಯ ಹೆಸರಿದ್ದರೂ ಹಕ್ಕಿಯಂತೆ ಕಾಣದ ಅವರ ‘ಬರ್ಡ್ ಇನ್ ಸ್ಪೇಸ್’ 1926ರಲ್ಲಿ ಅಮೆರಿಕ ತಲುಪಿದಾಗ ಕಸ್ಟಮ್ಸ್‌ನವರು ಅದನ್ನು ಕಲೆ ಎಂದು ಒಪ್ಪದೆ, ಅಡುಗೆಮನೆ ಸಾಮಾನು ಮತ್ತು ಆಸ್ಪತ್ರೆ ಉಪಕರಣಗಳ ಪಟ್ಟಿಗೆ ಸೇರಿಸಿ 40% ಸುಂಕ ಹಾಕಿದರು. 1928ರಲ್ಲಿ ನ್ಯಾಯಾಲಯ ಅದನ್ನು ಶಿಲ್ಪವೆಂದು ಒಪ್ಪಿತು. ಹಕ್ಕಿಯಂತೆ ಕಾಣಲೇಬೇಕೆಂಬ ಹಟ ಅಲ್ಲಿಗೆ ಸಡಿಲವಾಯಿತು. ನೀರಿನ ರಚನೆಗಳಿಗೂ ಇದರ ಪ್ರಯೋಜನ ಇದೆ: ಪೈಪು, ನಳಿಕೆ ಇದ್ದ ಮಾತ್ರಕ್ಕೆ ಅದು ಕೊಳಾಯಿ ಸಾಮಾನಾಗುವುದಿಲ್ಲ ಎಂದು ವಾದಿಸಲು ದಾರಿ ಸಿಕ್ಕಿತು.

ಇಂದು ಹೆಚ್ಚಿನ ದೇಶಗಳು ಅನುಸರಿಸುವ ಸುಂಕದ ಪಟ್ಟಿಯಲ್ಲಿ ಮೂಲ ಶಿಲ್ಪಗಳಿಗೆ 9703 ಎಂಬ ಶೀರ್ಷಿಕೆ ಇದೆ. ಯಾವ ವಸ್ತುವಿನಿಂದ ಮಾಡಿದ್ದರೂ ಸರಿ. ಆದರೆ ವ್ಯಾಪಾರಕ್ಕೆಂದು ರಾಶಿ ರಾಶಿ ಎರಕ ಹೊಯ್ದ ನಕಲುಗಳು, ಕಲಾವಿದರೇ ವಿನ್ಯಾಸ ಮಾಡಿದ್ದರೂ, ಅದರಡಿ ಬರುವುದಿಲ್ಲ. ಅಚ್ಚಿನಲ್ಲಿ ಹೊಯ್ದು ಮಾರುವ ಮೂರಂತಸ್ತಿನ ಬಟ್ಟಲು ಕಾರಂಜಿ ಎಷ್ಟೇ ಚೆಂದವಿರಲಿ, ಅದು ಅಲಂಕಾರದ ಸಾಮಾನು. ಹಾಗೆ ಹೇಳಿದರೆ ಅದಕ್ಕೆ ಅವಮಾನವೇನೂ ಆಗುವುದಿಲ್ಲ.

ಹಕ್ಕಿನ ವಿಷಯ ಇನ್ನೂ ಮುಖ್ಯ. ಅನೇಕ ದೇಶಗಳಲ್ಲಿ ಕೃತಿಯನ್ನು ಮಾರಿದ ಮೇಲೂ ಅದನ್ನು ವಿರೂಪ ಮಾಡದಂತೆ ತಡೆಯುವ ಹಕ್ಕು ಕಲಾವಿದರ ಬಳಿ ಉಳಿಯುತ್ತದೆ. ಅಮೆರಿಕದಲ್ಲಿ 1990ರ ಕಾನೂನು ಶಿಲ್ಪಗಳಿಗೆ ಇದನ್ನು ಕೊಟ್ಟಿದೆ, ಬಳಕೆಯ ವಸ್ತುಗಳ ಅಲಂಕಾರಕ್ಕೆ ಕೊಟ್ಟಿಲ್ಲ. ಹಾಗಾಗಿ ನಿಮ್ಮ ರಚನೆ ಶಿಲ್ಪವಾಗಿದ್ದರೆ ನಳಿಕೆ ಬದಲಾಯಿಸುವ ಮುಂಚೆಯೂ ಒಪ್ಪಂದ ತೆಗೆದು ಓದಿ. ಕಾರಂಜಿಯ ಎತ್ತರ, ಧಾರೆಯ ದಪ್ಪ, ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಮೊದಲೇ ಬರೆಸಿಕೊಂಡರೆ ಮುಂದೆ ಮನಸ್ತಾಪ ಬರುವುದಿಲ್ಲ.

ಯಂತ್ರದ ಭಾಗಗಳು ಅಲ್ಲಾಡುತ್ತಾ ನೀರು ಎರಚಿದರೆ ಅದು ಯಾವ ಗುಂಪು?

ಬಾಸೆಲ್‌ನಲ್ಲಿ 1977ರಲ್ಲಿ ಜೀನ್ ಟಿಂಗ್ಲಿ ಮಾಡಿದ ಕಾರಂಜಿ ಇದೆ. ಕೆಡವಿದ ಹಳೆಯ ರಂಗಮಂದಿರದ ಸಾಮಾನುಗಳನ್ನೂ ಸೇರಿಸಿ ಕಟ್ಟಿದ ಹತ್ತು ಕಬ್ಬಿಣದ ಜೀವಿಗಳು ಆಳವಿಲ್ಲದ ಕೊಳದಲ್ಲಿ ನಿಂತಿವೆ. ಒಂದು ನೀರನ್ನು ಮೊಗೆದು ಎಸೆಯುತ್ತದೆ, ಇನ್ನೊಂದು ಜರಡಿ ಹಿಡಿಯುತ್ತದೆ, ಮತ್ತೊಂದು ಸುಮ್ಮನೆ ಅತ್ತಿತ್ತ ತೂಗುತ್ತಾ ಉಗುಳುತ್ತದೆ. ಅಲ್ಲಿ ನೀರು ಮತ್ತು ಯಂತ್ರ ಒಂದರ ಜೊತೆ ಒಂದು ಮಾತಾಡುತ್ತವೆ. ಚಳಿಗಾಲದಲ್ಲಿ ಎಲ್ಲದರ ಮೇಲೂ ಹಿಮ ಗಟ್ಟಿಯಾಗಿ ಕೆಲವು ದಿನ ಅದೇ ಬೇರೆ ಶಿಲ್ಪ. ನನಗೆ ಅತ್ಯಂತ ಪ್ರೀತಿಯ ಜಲಶಿಲ್ಪ ಇದು. ಎರಡು ಗುಂಪಿಗೂ ಸೇರಿಸಿ.

ನಿರ್ವಹಣೆಯಲ್ಲಿ ವ್ಯತ್ಯಾಸ ಇದೆಯೇ?

ಇದೆ. ಕಾರಂಜಿಯಲ್ಲಿ ಮೊದಲ ಕಾಳಜಿ ನೀರು: ಫಿಲ್ಟರ್, ಪಂಪ್, ನಳಿಕೆಯಲ್ಲಿ ಕಟ್ಟಿದ ಸುಣ್ಣ, ಗಾಳಿಗೆ ಹಾರಿಹೋಗುವ ನೀರು. ಕೊಳದ ಅಗಲ ಧಾರೆಯ ಎತ್ತರದ ಎರಡರಷ್ಟಾದರೂ ಇರಲಿ ಎಂಬುದು ವಿನ್ಯಾಸಕಾರರ ರೂಢಿಯ ಲೆಕ್ಕ, ಗಾಳಿ ಜೋರಿರುವ ಕಡೆ ಅದೂ ಸಾಲದು. ಶಿಲ್ಪದಲ್ಲಿ ಮೊದಲ ಕಾಳಜಿ ಮೇಲ್ಮೈ. ನೀರು ಶುದ್ಧವಾಗಿರಲೆಂದು ಕ್ಲೋರಿನ್ ಜಾಸ್ತಿ ಹಾಕಿದರೆ ಕಂಚನ್ನು ಅದು ತಿನ್ನುತ್ತದೆ. ಅಮೃತಶಿಲೆಯ ಮೇಲಿನ ಸುಣ್ಣದ ಕಲೆ ತೆಗೆಯಲು ಆಸಿಡ್ ಹಚ್ಚಿದರೆ ಕಲೆಯ ಜೊತೆ ಕಲ್ಲೂ ಕರಗುತ್ತದೆ, ಎರಡೂ ಅದೇ ವಸ್ತುವಾದ್ದರಿಂದ. ಒಂದೇ ರಚನೆಯಲ್ಲಿ ಎರಡೂ ಇದ್ದಾಗ ಪ್ಲಂಬರ್ ಮತ್ತು ಶಿಲ್ಪ ಸಂರಕ್ಷಕರು ಒಟ್ಟಿಗೆ ಕೂತು ತೀರ್ಮಾನಿಸಬೇಕು.

ಮಕ್ಕಳು ಒಳಗಿಳಿದು ಆಡುವ ಹಾಗಿದ್ದರೆ?

ಆಗ ಹೆಸರು ಏನೇ ಇರಲಿ, ಈಜುಕೊಳದ ನೀರಿಗೆ ಇರುವ ಎಚ್ಚರಿಕೆಯೇ ಇದಕ್ಕೂ ಬೇಕು. 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವಿನ ನಿಂತ ನೀರಿನಲ್ಲಿ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ತುಂತುರಿನ ಜೊತೆ ಅದು ಉಸಿರಿನಲ್ಲಿ ಸೇರಿದರೆ ಕೆಟ್ಟ ನ್ಯುಮೋನಿಯಾ ಬರಬಹುದು. ದಿನಗಟ್ಟಲೆ ನಿಲ್ಲಿಸಿದ ಕಾರಂಜಿಯನ್ನು ಹಾಗೇ ಮತ್ತೆ ಚಾಲೂ ಮಾಡಬೇಡಿ, ಮೊದಲು ಖಾಲಿ ಮಾಡಿ ತೊಳೆಯಿರಿ. ಶಿಕಾಗೊದ ಕ್ರೌನ್ ಫೌಂಟನ್‌ನಲ್ಲಿ ಮಕ್ಕಳು ಸುಮಾರು 15 ಮೀಟರ್ ಎತ್ತರದ ಎರಡು ಗೋಪುರಗಳ ನಡುವೆ ತೆಳುನೀರಿನಲ್ಲಿ ಓಡಾಡುತ್ತಾರೆ. ಗೋಪುರದ ಮೇಲೆ ಮೂಡುವ ಜನರ ಮುಖಗಳು ತುಟಿ ಮುಂದೆ ಮಾಡಿದಾಗ ನೀರು ಧುಮುಕುತ್ತದೆ. ಜಾಮೆ ಪ್ಲೆನ್ಸಾ 2004ರಲ್ಲಿ ಅದನ್ನು ಮಾಡಿಕೊಟ್ಟಾಗ ಶಿಲ್ಪ, ಕಾರಂಜಿ, ಆಟದ ಜಾಗ ಮೂರಕ್ಕೂ ಒಟ್ಟಿಗೆ ಯೋಚಿಸಿದ್ದರು.

ಫಲಕದ ಮೇಲೆ ಏನು ಬರೆಸಬೇಕು?

ಕೃತಿಯ ಹೆಸರು, ಮಾಡಿದವರು, ವರ್ಷ, ವಸ್ತುಗಳು. ನೀರಿಲ್ಲದೆ ಕೃತಿ ಪೂರ್ತಿಯಾಗದಿದ್ದರೆ ವಸ್ತುಗಳ ಸಾಲಿನಲ್ಲಿ ‘ಗ್ರಾನೈಟ್, ಕಂಚು, ನೀರು’ ಎಂದು ನೀರನ್ನೂ ಸೇರಿಸಿ. ಈ ಒಂದು ಪದ ಮುಂದೊಂದು ದಿನ ಬಿಲ್ ಉಳಿಸಲು ನೀರು ಬಂದ್ ಮಾಡೋಣ ಎನ್ನುವವರನ್ನು ಒಂದು ಕ್ಷಣ ನಿಲ್ಲಿಸುತ್ತದೆ.

ಪಂಪ್ ಕೆಟ್ಟಿದೆ, ದುಡ್ಡಿಲ್ಲ. ನೀರನ್ನು ಕಾಯಂ ನಿಲ್ಲಿಸಿ ಕೊಳಕ್ಕೆ ಮಣ್ಣು ತುಂಬಿ ಗಿಡ ನೆಡಬಹುದೇ?

ಶಿಲ್ಪವಾಗಿದ್ದರೆ, ಕಲಾವಿದರ ಅಥವಾ ಅವರ ವಾರಸುದಾರರ ಒಪ್ಪಿಗೆ ಸಿಕ್ಕರೆ, ಯೋಚಿಸಬಹುದು. ಆಗಲೂ ಮಣ್ಣಿನ ತೇವ ಕಲ್ಲು ಮತ್ತು ಲೋಹದ ಬುಡಕ್ಕೆ ಸದಾ ತಾಗದಂತೆ ಕುಂಡಗಳಲ್ಲಿ ಇಡಿ. ಕಾರಂಜಿಯಾಗಿದ್ದರೆ ಬೇಡ ಎಂದೇ ನನ್ನ ಸಲಹೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರ್ಮಂಡ್ ವಯನ್ಕೂರ್ 1971ರಲ್ಲಿ ಕಟ್ಟಿದ ಕಾಂಕ್ರೀಟ್ ಕೊಳವೆಗಳ ದೊಡ್ಡ ಕಾರಂಜಿ ವಿದ್ಯುತ್ ಮತ್ತು ನೀರಿನ ಅಭಾವದಿಂದ ಎಷ್ಟೋ ವರ್ಷ ಒಣಗಿ ನಿಂತಿತ್ತು. ನೀರಿಲ್ಲದ ಅದನ್ನು ನೋಡಿದವರು ಕಾಂಕ್ರೀಟನ್ನಷ್ಟೇ ನೋಡಿ ತೀರ್ಪು ಕೊಟ್ಟರು, ತೆಗೆದುಹಾಕಿ ಎಂಬ ಕೂಗು ಬಲವಾಯಿತು. ಆ ಕೊಳವೆಗಳನ್ನು ಅಷ್ಟು ಒರಟಾಗಿ ಮಾಡಿದ್ದು ಅವುಗಳ ಮೇಲೆ ನೀರು ಭೋರ್ಗರೆಯಲಿ ಎಂದು.

ದುಡ್ಡು ಕಡಿಮೆ ಇದ್ದರೆ ದಿನಕ್ಕೆ ಒಂದೆರಡು ಗಂಟೆ, ಜನ ಬರುವ ಹೊತ್ತಿಗೆ ಮಾತ್ರ ನೀರು ಬಿಡಿ. ಅದೇ ನೀರು ಮತ್ತೆ ಮತ್ತೆ ಸುತ್ತುವಂತೆ ಮಾಡಿ. ಮಾನೆಕೆನ್ ಪಿಸ್‌ನ ನೀರು ನೇರ ಚರಂಡಿಗೆ ಹೋಗುತ್ತಿರುವುದು ಗೊತ್ತಾದ ಮೇಲೆ ಬ್ರಸೆಲ್ಸ್‌ನವರು 2019ರಲ್ಲಿ ಹಾಗೇ ಮಾಡಿದರು. ಪೂರ್ತಿ ನಿಲ್ಲಿಸಲೇಬೇಕಾದರೆ ಪೈಪುಗಳನ್ನು ಕೀಳದೆ ಒಣಗಿಸಿ ಮುಚ್ಚಿಡಿ, ನಳಿಕೆಗಳಿಗೆ ಚೀಟಿ ಕಟ್ಟಿ ತೆಗೆದಿಡಿ, ಒತ್ತಡ ಮತ್ತು ಎತ್ತರದ ಅಳತೆಗಳನ್ನು ಬರೆದಿಡಿ, ನೀರು ಓಡುತ್ತಿರುವಾಗಿನ ವಿಡಿಯೊ ಒಂದನ್ನು ಸದ್ದಿನ ಸಮೇತ ತೆಗೆದು ಕಡತಕ್ಕೆ ಸೇರಿಸಿ. ಮುಂದೆ ಅದನ್ನು ಮತ್ತೆ ಚಾಲೂ ಮಾಡಲು ಬರುವವರಿಗೆ ಇವಿಷ್ಟೂ ಬೇಕಾಗುತ್ತದೆ.